ಶುಗರ್ ಇರಬಹುದೆಂಬ ಅನುಮಾನ ಬಂದಾಗ

ಮದುವೆ ಮನೆಯಲ್ಲಿ ಹೋಳಿಗೆ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದರೆ ಸಾಕು, ಪಕ್ಕದ ಎಲೆಯವರು ಕೇಳಿಯೇ ಕೇಳುತ್ತಾರೆ: "ಶುಗರ್ರಾ?" ಹೌದು ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ. ಇವೆರಡಕ್ಕೂ ಸೇರದೆ "ಇರಬಹುದೇನೋ, ನೋಡಿಸಿಲ್ಲ" ಎನ್ನುವ ದೊಡ್ಡ ಗುಂಪೊಂದಿದೆ. ಈ ಬರಹ ಅವರಿಗಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಬಹಳಷ್ಟು ಮಂದಿಗೆ ಆ ವಿಷಯವೇ ತಿಳಿದಿಲ್ಲ.

ಅನುಮಾನವಿದ್ದೂ ನೋಡಿಸದೆ ಇರುವುದಕ್ಕೆ ದುಡ್ಡಿಗಿಂತ ಭಯವೇ ಹೆಚ್ಚು ಕಾರಣ. "ಗೊತ್ತಾದರೆ ಮಾತ್ರೆ ಶುರು, ಶುರುವಾದರೆ ಸಾಯೋ ತನಕ" ಎಂಬ ಲೆಕ್ಕ. ಪರೀಕ್ಷೆ ಮಾಡಿಸಿದ ದಿನದಿಂದ ಕಾಯಿಲೆ ಹುಟ್ಟುವುದಿಲ್ಲ, ಅದು ಇದ್ದರೆ ಆಗಲೇ ಒಳಗೆ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಲಕ್ಷಣಗಳನ್ನು ಎಣಿಸುತ್ತ, ಅವರಿವರನ್ನು ಕೇಳುತ್ತ ಕಳೆಯುವ ತಿಂಗಳುಗಳನ್ನು ಒಂದು ವಾರಕ್ಕೆ ಇಳಿಸುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಮೈ ಹೇಳುವುದು ಎಷ್ಟು, ಹೇಳದಿರುವುದು ಎಷ್ಟು

ಪದೇಪದೇ ಮೂತ್ರ, ತಣಿಯದ ಬಾಯಾರಿಕೆ, ಉಂಡರೂ ಹಸಿವು, ಕಾರಣವಿಲ್ಲದೆ ತೂಕ ಇಳಿಯುವುದು. ಈ ನಾಲ್ಕನ್ನು ಎಲ್ಲರೂ ಬಲ್ಲರು. ಇವು ಯಾಕೆ ಬರುತ್ತವೆ ಎಂಬುದು ತಿಳಿದರೆ ಇವುಗಳಿಗಾಗಿ ಕಾಯುವುದು ಯಾಕೆ ತಪ್ಪು ಎಂಬುದೂ ತಿಳಿಯುತ್ತದೆ. ರಕ್ತದಲ್ಲಿರುವ ಸಕ್ಕರೆಯನ್ನು ಮೂತ್ರಪಿಂಡಗಳು ಸೋಸಿ ಮತ್ತೆ ರಕ್ತಕ್ಕೇ ಮರಳಿಸುತ್ತವೆ. ಹೀಗೆ ಮರಳಿಸುವ ಶಕ್ತಿಗೆ ಒಂದು ಮಿತಿಯಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ, ಕೆರೆ ತುಂಬಿ ಕೋಡಿ ಬಿದ್ದಂತೆ, ಅದು ಮೂತ್ರದಲ್ಲಿ ಹೊರಗೆ ಹರಿಯತೊಡಗುತ್ತದೆ. ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೂತ್ರ ಹೆಚ್ಚು, ಅದಕ್ಕೇ ಬಾಯಾರಿಕೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿದರೆ ಸಿಹಿಮೂತ್ರ ರೋಗ ಎಂದು ಹಳ್ಳಿಯ ಹಿರಿಯರು ಹೇಳುತ್ತಿದ್ದುದು ಸುಳ್ಳೇನಲ್ಲ. ಆದರೆ ಇರುವೆ ಬರುವ ಹೊತ್ತಿಗೆ ಸಕ್ಕರೆ ಮಿತಿ ಮೀರಿ ಎಷ್ಟೋ ದಿನವಾಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ ಮಧುಮೇಹ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. 126ರಿಂದ 180ರ ನಡುವೆ ಓಡಾಡುತ್ತಿರುವ ಮನುಷ್ಯನಿಗೆ ಏನೂ ಅನ್ನಿಸದೆ ವರ್ಷಗಳೇ ಕಳೆಯಬಹುದು.

ಈ ನಾಲ್ಕರ ಹೊರಗೆ ಇನ್ನು ಕೆಲವು ಸುಳಿವುಗಳಿವೆ, ಅವುಗಳನ್ನು ಜನ ಶುಗರಿನ ಜೊತೆ ಜೋಡಿಸಿ ನೋಡುವುದು ಕಡಿಮೆ. ಜನನಾಂಗದ ತುರಿಕೆ ಅಂಥದ್ದೊಂದು. ಹೆಂಗಸರಲ್ಲಿ ಬಿಳಿ ಸ್ರಾವದೊಂದಿಗೆ, ಗಂಡಸರಲ್ಲಿ ಮುಂದೊಗಲು ಕೆಂಪಾಗಿ ಬಿರಿದು, ಮುಲಾಮು ಹಚ್ಚಿದರೆ ಹೋಗಿ ಮತ್ತೆ ಮರುಕಳಿಸುವ ಶಿಲೀಂಧ್ರದ ಸೋಂಕು ಇದು. ನಾಚಿಕೆಯಿಂದ ಮೆಡಿಕಲ್ ಶಾಪಿನಲ್ಲೇ ಮುಲಾಮು ಕೇಳಿ ತಂದು ಸುಮ್ಮನಾಗುವವರು ಒಂದು ರಕ್ತಪರೀಕ್ಷೆಯ ಅವಕಾಶವನ್ನು ಅಲ್ಲೇ ಕೈಬಿಡುತ್ತಾರೆ. ಇನ್ನೊಂದು ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪವಾಗುವುದು. ಹದಿಹರೆಯದ ಮಕ್ಕಳಲ್ಲಿ ಇದನ್ನು ಕೊಳೆ ಎಂದುಕೊಂಡು ತಾಯಂದಿರು ಸ್ನಾನಕ್ಕೆ ಕೂರಿಸಿ ಉಜ್ಜುತ್ತಾರೆ, ಅದು ಹೋಗುವುದಿಲ್ಲ. ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಹೊರಗುರುತು ಅದು.

ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗುವುದು, ರಾತ್ರಿ ಅಂಗಾಲು ಉರಿಯುವುದು, ಭುಜ ಬಿಗಿದು ಕೈ ಮೇಲೆತ್ತಲಾಗದಿರುವುದು, ಸಣ್ಣ ಗಾಯ ವಾರಗಟ್ಟಲೆ ಮಾಯದಿರುವುದು, ಒಸಡು ಪದೇಪದೇ ಊದಿಕೊಳ್ಳುವುದು ಕೂಡ ಈ ಪಟ್ಟಿಯಲ್ಲಿವೆ. ಕಣ್ಣು ಒಂದು ವಾರ ಮಂಜಾಗಿ ಮತ್ತೊಂದು ವಾರ ಸ್ಪಷ್ಟವಾಗುತ್ತಿದ್ದರೆ ಕನ್ನಡಕದ ಅಂಗಡಿಗೆ ಹೋಗುವ ಮೊದಲು ಶುಗರ್ ನೋಡಿಸಿ. ಸಕ್ಕರೆಯ ಏರಿಳಿತಕ್ಕೆ ಕಣ್ಣಿನ ಮಸೂರದ ಆಕಾರವೇ ಬದಲಾಗುತ್ತಿರುತ್ತದೆ. ಆಗ ಬರೆಸಿದ ನಂಬರಿನ ಕನ್ನಡಕ, ಚಿಕಿತ್ಸೆ ಶುರುವಾಗಿ ಸಕ್ಕರೆ ಇಳಿದ ಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಓದಿ "ನನಗೂ ಇವೆಲ್ಲ ಇವೆ" ಎಂದು ಗಾಬರಿಯಾಗುವವರು ಇನ್ನೊಂದು ಮಾತನ್ನೂ ಕೇಳಬೇಕು. ಇವುಗಳಲ್ಲಿ ಯಾವುದೂ ಮಧುಮೇಹಕ್ಕೇ ಮೀಸಲಾದದ್ದಲ್ಲ. ಸುಸ್ತಿಗೆ ರಕ್ತಹೀನತೆ ಸಾಕು, ಥೈರಾಯ್ಡ್ ಕಡಿಮೆಯಾದರೂ ಸಾಕು. ಥೈರಾಯ್ಡ್ ಹೆಚ್ಚಾದರೆ ಚೆನ್ನಾಗಿ ಉಂಡೂ ತೂಕ ಇಳಿಯುತ್ತದೆ. ತೂಕ ಇಳಿಯುವುದಕ್ಕೆ ಕ್ಷಯವೂ ಕಾರಣವಿರಬಹುದು. ಕ್ಷಯ ಮತ್ತು ಮಧುಮೇಹ ಜೊತೆಜೊತೆಯಾಗಿ ಬರುವುದು ಸಾಮಾನ್ಯವಾದ್ದರಿಂದಲೇ ಕ್ಷಯ ಪತ್ತೆಯಾದವರಿಗೆಲ್ಲ ಸರ್ಕಾರಿ ಕಾರ್ಯಕ್ರಮದಲ್ಲಿ ಶುಗರ್ ನೋಡುತ್ತಾರೆ. ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವೇ. ಕಾಲು ಜೋಮಿಗೆ ಬಿ12 ಕೊರತೆ ಕಾರಣವಾಗುವುದುಂಟು, ಸಸ್ಯಾಹಾರಿಗಳಲ್ಲಿ ಇದು ಅಪರೂಪವಲ್ಲ. ಲಕ್ಷಣವಿದ್ದ ಮಾತ್ರಕ್ಕೆ ಶುಗರ್ ಇದೆಯೆಂದಲ್ಲ, ಲಕ್ಷಣವಿಲ್ಲದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ. ಉತ್ತರವಿರುವುದು ರಕ್ತದಲ್ಲಿ.

ನಾಳೆಗೆ ಬಿಡಬಾರದ್ದು

ಉಳಿದ ವಿಷಯಗಳಿಗೆ ವಾರದ ಬಿಡುವಿದೆ, ಇದಕ್ಕಿಲ್ಲ. ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿ ವರ್ಷಗಳಾದ ಮಗು ಮತ್ತೆ ಶುರು ಮಾಡಿದರೆ, ಶಾಲೆಯ ನೀರಿನ ಬಾಟಲಿ ಎಷ್ಟು ಸಲ ತುಂಬಿಸಿದರೂ ಸಾಲದಾದರೆ, ಎರಡು ಮೂರು ವಾರದಲ್ಲಿ ಬಟ್ಟೆ ಸಡಿಲವಾದರೆ, ಅದೇ ದಿನ ಬೆರಳು ಚುಚ್ಚಿಸಿ ನೋಡಿಸಬೇಕು. ಒಂದನೇ ವಿಧದ ಮಧುಮೇಹ ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ, ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಬಿಗಡಾಯಿಸುತ್ತದೆ. ಇನ್ಸುಲಿನ್ ಇಲ್ಲದ ದೇಹ ಕೊಬ್ಬನ್ನು ಸುಡತೊಡಗಿ ರಕ್ತ ಆಮ್ಲೀಯವಾಗುತ್ತದೆ. ವಾಂತಿ, ಹೊಟ್ಟೆನೋವು, ಜೋರಾದ ಆಳವಾದ ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ, ಮಂಪರು ಇವೆಲ್ಲ ಆಗಿನ ಗುರುತು. ಇದನ್ನು ಅಜೀರ್ಣವೆಂದೋ ದೃಷ್ಟಿಯೆಂದೋ ತಿಳಿದು ಮನೆಯಲ್ಲಿ ಇಟ್ಟುಕೊಂಡರೆ ಜೀವಕ್ಕೇ ಅಪಾಯ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದನೇ ವಿಧ ಬಂದ ಹೆಚ್ಚಿನ ಮಕ್ಕಳ ಮನೆಗಳಲ್ಲಿ ಅದು ಮೊದಲು ಯಾರಿಗೂ ಇರುವುದಿಲ್ಲ. ವಯಸ್ಸಾದವರಲ್ಲಿ ಜ್ವರವೋ ಭೇದಿಯೋ ಆದ ಮೇಲೆ ಮಾತು ತೊದಲಿ, ಗೊಂದಲವಾಗಿ, ತೂಕಡಿಕೆ ಹೆಚ್ಚಿದರೂ ಹೀಗೇ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪಕ್ಕದ ಮನೆಯ ಗ್ಲೂಕೋಮೀಟರ್

ಈಗ ಬೀದಿಗೊಂದು ಗ್ಲೂಕೋಮೀಟರ್ ಇದೆ. ಸಂಜೆ ವಾಕಿಂಗ್ ಮುಗಿಸಿ ಬಂದವರು ಸ್ನೇಹಿತರ ಯಂತ್ರದಲ್ಲಿ ಬೆರಳು ಚುಚ್ಚಿಕೊಂಡು "142 ಬಂತು, ಏನ್ ಮಾಡ್ಲಿ?" ಎಂದು ಕೇಳುತ್ತಾರೆ. ಏನು ತಿಂದು ಎಷ್ಟು ಹೊತ್ತಾಗಿತ್ತು ಎಂಬುದು ಗೊತ್ತಿಲ್ಲದೆ ಆ 142ಕ್ಕೆ ಅರ್ಥವಿಲ್ಲ. ಊಟವಾಗಿ ಒಂದು ಗಂಟೆಗೆ ಬಂದಿದ್ದರೆ ಅದು ಸಹಜ, ಬೆಳಗಿನ ಖಾಲಿ ಹೊಟ್ಟೆಯಲ್ಲಾದರೆ ಸಹಜವಲ್ಲ. ಮೇಲಾಗಿ ಇಂಥ ಯಂತ್ರಗಳಿಗಿರುವ ಅಂತರರಾಷ್ಟ್ರೀಯ ಮಾನದಂಡವೇ ಲ್ಯಾಬಿನ ಅಂಕಿಗಿಂತ ನೂರಕ್ಕೆ 15ರಷ್ಟು ಆಚೀಚೆಯಾಗುವುದನ್ನು ಒಪ್ಪುತ್ತದೆ. 126 ಎಂಬ ಗೆರೆಯ ಹತ್ತಿರ ಅಷ್ಟು ವ್ಯತ್ಯಾಸವೆಂದರೆ ಇದೆಯೋ ಇಲ್ಲವೋ ಎಂಬ ತೀರ್ಮಾನವೇ ಬದಲಾಗುತ್ತದೆ. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೆ ಬೆರಳಿನ ಮೇಲಿನ ಸಕ್ಕರೆಯೂ ಲೆಕ್ಕಕ್ಕೆ ಸೇರಿ ಅಂಕಿ ಏರುತ್ತದೆ. ಅವಧಿ ಮೀರಿದ ಅಥವಾ ಮುಚ್ಚಳ ತೆರೆದಿಟ್ಟ ಡಬ್ಬಿಯ ಪಟ್ಟಿಗಳನ್ನೂ ನಂಬುವಂತಿಲ್ಲ. ಚುಚ್ಚುವ ಸೂಜಿಯನ್ನಂತೂ ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲೇಬಾರದು.

ಹಾಗೆಂದು ಯಂತ್ರ ನಿಷ್ಪ್ರಯೋಜಕವಲ್ಲ. 280, 350 ಎಂಬಂಥ ಅಂಕಿ ಬಂದರೆ, ಕೈ ತೊಳೆದು ಮತ್ತೊಮ್ಮೆ ನೋಡಿ, ಆವತ್ತೇ ವೈದ್ಯರಲ್ಲಿಗೆ ಹೊರಡಿ. 110, 130, 150ರ ಆಸುಪಾಸಿನ ಅಂಕಿಗಳನ್ನು ಮಾತ್ರ ಲ್ಯಾಬಿಗೇ ಬಿಡಿ. "ನಾರ್ಮಲ್ ಬಂತು, ಬಿಡು" ಎಂದು ಯಂತ್ರದ ಮಾತಿನ ಮೇಲೆ ಮನೆಗೆ ಮರಳುವುದು, ನನ್ನ ದೃಷ್ಟಿಯಲ್ಲಿ, ಹೆಚ್ಚು ಬಂದು ಗಾಬರಿಯಾಗುವುದಕ್ಕಿಂತ ಕೆಟ್ಟದ್ದು.

ಲ್ಯಾಬಿನಲ್ಲಿ ಏನನ್ನು ಕೇಳಬೇಕು

ರೋಗನಿರ್ಣಯಕ್ಕೆ ತೋಳಿನ ರಕ್ತನಾಳದಿಂದ ತೆಗೆದ ರಕ್ತ ಬೇಕು. ಮುಖ್ಯವಾಗಿ ಮೂರು ಪರೀಕ್ಷೆಗಳಿವೆ.

ಮೊದಲನೆಯದು ಖಾಲಿ ಹೊಟ್ಟೆಯದು, ಚೀಟಿಯಲ್ಲಿ ಎಫ್‌ಬಿಎಸ್ ಎಂದಿರುತ್ತದೆ. ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿರಬಾರದು. "ಏನೂ ತಿಂದಿಲ್ಲ ಸಾರ್, ಬರೀ ಅರ್ಧ ಲೋಟ ಕಾಫಿ" ಎನ್ನುವವರನ್ನು ಲ್ಯಾಬಿನವರು ದಿನವೂ ನೋಡುತ್ತಾರೆ. ಹಾಲು ಸಕ್ಕರೆ ಬಿದ್ದ ಕಾಫಿ ಕುಡಿದವರ ಹೊಟ್ಟೆ ಖಾಲಿಯಲ್ಲ. ಬೆಳಗಿನ ಕಾಫಿ ಇಲ್ಲದೆ ಕಣ್ಣು ಬಿಡದವರು ಲ್ಯಾಬ್ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಮುಗಿಸಿಬಿಡುವುದು ಒಳ್ಳೆಯದು. 100ಕ್ಕಿಂತ ಕಡಿಮೆ ಬಂದರೆ ಸಹಜ, 126 ಅಥವಾ ಹೆಚ್ಚಾದರೆ ಮಧುಮೇಹದ ಅಂಕಿ, ನಡುವಿನದು ಹೊಸ್ತಿಲು. ವಿಶ್ವ ಆರೋಗ್ಯ ಸಂಸ್ಥೆ ಈ ಹೊಸ್ತಿಲನ್ನು 110ರಿಂದ ಎಣಿಸುತ್ತದೆ, ಅಮೆರಿಕದ ಮಧುಮೇಹ ಸಂಘ 100ರಿಂದ. ಹಾಗಾಗಿ 104 ಬಂದಾಗ ಇಬ್ಬರು ವೈದ್ಯರು ಎರಡು ಮಾತು ಹೇಳಿದರೆ ಅವರಲ್ಲಿ ಒಬ್ಬರಿಗೆ ಗೊತ್ತಿಲ್ಲವೆಂದು ತಿಳಿಯಬೇಡಿ.

ಎರಡನೆಯದು ಗ್ಲೂಕೋಸ್ ಕುಡಿಸಿ ನೋಡುವುದು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿದು ಎರಡು ಗಂಟೆ ಕಳೆದ ಮೇಲೆ 140ಕ್ಕಿಂತ ಕಡಿಮೆಯಿದ್ದರೆ ಸಹಜ, 200 ಮುಟ್ಟಿದರೆ ಮಧುಮೇಹ. ನಮ್ಮಲ್ಲಿ ಇದರ ಬದಲು ತಿಂಡಿ ತಿಂದು ಎರಡು ಗಂಟೆಗೆ ನೋಡುವ ಪಿಪಿಬಿಎಸ್ ಹೆಚ್ಚು ಚಾಲ್ತಿಯಲ್ಲಿದೆ. ಆದರೆ ಒಬ್ಬರು ಎರಡು ಇಡ್ಲಿ ತಿಂದಿರುತ್ತಾರೆ, ಇನ್ನೊಬ್ಬರು ಮಸಾಲೆ ದೋಸೆಯ ಮೇಲೆ ಕೇಸರಿಬಾತ್. ಎರಡು ಅಂಕಿಗಳನ್ನು ಹೋಲಿಸುವುದು ಹೇಗೆ? ಚಿಕಿತ್ಸೆಯಲ್ಲಿರುವವರ ನಿಯಂತ್ರಣ ನೋಡಲು ಅದು ಸರಿ, ಅನುಮಾನ ಬಗೆಹರಿಸಲು ಗ್ಲೂಕೋಸ್ ಪರೀಕ್ಷೆಯೇ ಮೇಲು. ಖಾಲಿ ಹೊಟ್ಟೆಯ ಅಂಕಿ ಸರಿಯಿದ್ದೂ ಊಟದ ನಂತರದ್ದು ಮಾತ್ರ ಏರುವುದು ಭಾರತೀಯರಲ್ಲಿ ಸಾಮಾನ್ಯವಾದ್ದರಿಂದ, ಬರೀ ಎಫ್‌ಬಿಎಸ್ ಮಾಡಿಸಿ ಕೈತೊಳೆದುಕೊಂಡರೆ ಅಂಥವರು ತಪ್ಪಿಹೋಗುತ್ತಾರೆ.

ಮೂರನೆಯದು ಎಚ್‌ಬಿಎ1ಸಿ, ಜನರ ಬಾಯಲ್ಲಿ "ಮೂರು ತಿಂಗಳ ಶುಗರ್". ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು ಇದು ಅಳೆಯುತ್ತದೆ. ಕಣಗಳ ಆಯಸ್ಸು ಸುಮಾರು 120 ದಿನವಾದ್ದರಿಂದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಹೊಟ್ಟೆ ಖಾಲಿ ಇರಬೇಕಾಗಿಲ್ಲ, ಹಿಂದಿನ ದಿನ ಸಿಹಿ ಬಿಟ್ಟು ಅಂಕಿಯನ್ನು ಮೋಸಗೊಳಿಸಲೂ ಆಗದು. 5.7ಕ್ಕಿಂತ ಕಡಿಮೆ ಸಹಜ, 6.5ರಿಂದ ಮಧುಮೇಹ. ಆದರೆ ಇದರಲ್ಲೊಂದು ತೊಡಕಿದೆ, ನಮ್ಮ ಹೆಣ್ಣುಮಕ್ಕಳಿಗೆ ಅದು ಮುಖ್ಯ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಸಕ್ಕರೆ ಸರಿಯಿದ್ದರೂ ಈ ಅಂಕಿ ಸುಳ್ಳಾಗಿ ಏರುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ರಕ್ತಕಣ ಬೇಗ ಒಡೆಯುವ ಕಾಯಿಲೆ ಇರುವವರಲ್ಲಿ ಸುಳ್ಳಾಗಿ ಇಳಿಯುತ್ತದೆ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಜನರಲ್ಲಿ ಕಾಣುವ ಸಿಕಲ್ ಸೆಲ್ ತೊಂದರೆಯಲ್ಲಿಯೂ ಇದನ್ನು ನೆಚ್ಚುವಂತಿಲ್ಲ. ಆದ್ದರಿಂದ ಎಚ್‌ಬಿಎ1ಸಿ ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಬರೆಸಿಕೊಳ್ಳಿ.

ಇನ್ನು ಅಂಕಿ ಓದುವ ನಿಯಮ. ಬಾಯಾರಿಕೆ, ಮೂತ್ರ, ತೂಕ ಇಳಿಕೆ ಸ್ಪಷ್ಟವಾಗಿದ್ದು, ಯಾವುದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ 200 ಮುಟ್ಟಿದ್ದರೆ ಅಷ್ಟೇ ಸಾಕು. ಲಕ್ಷಣ ಅಷ್ಟು ಸ್ಪಷ್ಟವಿಲ್ಲದಿದ್ದರೆ ಒಂದೇ ಅಂಕಿಯ ಮೇಲೆ ಹಣೆಪಟ್ಟಿ ಕಟ್ಟುವಂತಿಲ್ಲ. ಎರಡು ಬೇರೆ ಪರೀಕ್ಷೆಗಳು ಒಂದೇ ಮಾತು ಹೇಳಬೇಕು, ಇಲ್ಲವೇ ಅದೇ ಪರೀಕ್ಷೆ ಇನ್ನೊಂದು ದಿನವೂ ಅದನ್ನೇ ಹೇಳಬೇಕು. ಒಂದೇ ಒಂದು ಕ್ಯಾಂಪಿನ ಅಂಕಿ ನೋಡಿ ಜೀವಮಾನದ ಮಾತ್ರೆ ಶುರು ಮಾಡಿದವರೂ ಇದ್ದಾರೆ, "ಬಾರ್ಡರ್‌ನಲ್ಲಿದೆ, ಏನೂ ಆಗಲ್ಲ" ಎಂಬ ಸಮಾಧಾನದಲ್ಲಿ ಐದು ವರ್ಷ ಸುಮ್ಮನಿದ್ದವರೂ ಇದ್ದಾರೆ. ಬಾರ್ಡರ್ ಎಂದಾಗ ಯಾವ ಪರೀಕ್ಷೆಯಲ್ಲಿ, ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆ ಹಂತ ಸುಮ್ಮನಿರುವುದಕ್ಕಲ್ಲ. ಅಲ್ಲಿರುವವರು ಊಟ ನಡಿಗೆ ತಿದ್ದಿಕೊಂಡದ್ದರಿಂದ ಮಧುಮೇಹಕ್ಕೆ ಜಾರುವ ಸಂಭವ ನೂರಕ್ಕೆ 28ರಷ್ಟು ಇಳಿಯಿತೆಂದು ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲೇ ತೋರಿಸಿದೆ.

ಪರೀಕ್ಷೆಗೆ ಮುಂಚಿನ ಯಡವಟ್ಟುಗಳು

ಅನುಮಾನ ಬಂದ ಮಾರನೆಯ ದಿನವೇ ಹಾಗಲಕಾಯಿ ರಸ, ಬೇವಿನ ಚಿಗುರು, ಹಿತ್ತಿಲಿನ ಇನ್ಸುಲಿನ್ ಗಿಡದ ಎಲೆ ಶುರುವಾಗುತ್ತದೆ. ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆಯಾಗುತ್ತದೆ. ಹದಿನೈದು ದಿನ ಕಳೆದು ಪರೀಕ್ಷೆ ಮಾಡಿಸಿದಾಗ ಬಂದ ಅಂಕಿ ನಿಮ್ಮ ದೇಹದ್ದೋ, ಎರಡು ವಾರದ ಪಥ್ಯದ್ದೋ ಎಂದು ಹೇಳುವುದು ಕಷ್ಟ. ಮುದ್ದೆಯೂ ಪಿಷ್ಟವೇ, ದೊಡ್ಡ ಮುದ್ದೆ ತಿಂದರೆ ಸಕ್ಕರೆ ಏರುತ್ತದೆ ಎಂಬುದು ಬೇರೆ ಮಾತು. ಗ್ಲೂಕೋಸ್ ಪರೀಕ್ಷೆಗಂತೂ ಹಿಂದಿನ ಮೂರು ದಿನ ಎಂದಿನಂತೆ ಅನ್ನ ರೊಟ್ಟಿ ತಿಂದಿರಲೇಬೇಕು. ಮೊದಲು ಪರೀಕ್ಷೆ ಮಾಡಿಸಿ, ಪಥ್ಯದ ಮಾತು ಆಮೇಲೆ.

ಉಬ್ಬಸಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಏರಿರಬಹುದು, ವೈದ್ಯರಿಗೆ ಹೇಳಿ. ಹೆಸರಿಲ್ಲದ ಪೊಟ್ಟಣದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಅದನ್ನೂ ಮುಚ್ಚಿಡಬೇಡಿ. ಜೋರು ಜ್ವರ, ಆಪರೇಷನ್, ಹೃದಯಾಘಾತದ ದಿನಗಳಲ್ಲಿ ಏರಿದ ಸಕ್ಕರೆ ತಾತ್ಕಾಲಿಕವಾಗಿರಬಹುದು. ಚೇತರಿಸಿಕೊಂಡ ಮೇಲೆ ಇನ್ನೊಮ್ಮೆ ನೋಡಿಸಬೇಕು.

ಎಲ್ಲಿ, ಯಾರು, ಎಷ್ಟು ಬೇಗ

ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರ, ಊರುಗಳ ನಮ್ಮ ಕ್ಲಿನಿಕ್ ಇವುಗಳಲ್ಲಿ ಬೆರಳು ಚುಚ್ಚಿ ನೋಡುವುದು ಉಚಿತ. 30 ದಾಟಿದವರೆಲ್ಲರ ಬಿಪಿ, ಶುಗರ್ ನೋಡಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮವೇ ಆಗಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ಸೊಂಟದ ಸುತ್ತಳತೆ, ತಂಬಾಕು, ಮನೆತನದ ಕಾಯಿಲೆ ಎಂದು ಪ್ರಶ್ನೆ ಕೇಳಿ ಫಾರಂ ತುಂಬಿಸುವುದು ಅದಕ್ಕಾಗಿಯೇ. "ನಮಗೇನಿಲ್ಲಮ್ಮ, ಚೆನ್ನಾಗಿದ್ದೀವಿ" ಎಂದು ಅವರನ್ನು ಬಾಗಿಲಲ್ಲೇ ಸಾಗಹಾಕಬೇಡಿ.

ನಿಮ್ಮ ಅಪಾಯ ಎಷ್ಟೆಂದು ನೀವೇ ಅಂದಾಜು ಮಾಡಲು ಚೆನ್ನೈನ ಡಾ. ವಿ. ಮೋಹನ್ ಅವರ ಬಳಗ ಭಾರತೀಯರಿಗಾಗಿ ಸಿದ್ಧಪಡಿಸಿದ ಅಂಕಪಟ್ಟಿಯೊಂದಿದೆ. 50 ತುಂಬಿದ್ದರೆ 30 ಅಂಕ, 35ರಿಂದ 49 ಆದರೆ 20. ಸೊಂಟ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ಮುಟ್ಟಿದರೆ 10, ಅದಕ್ಕಿಂತ ಹತ್ತು ಸೆಂಟಿಮೀಟರ್ ಹೆಚ್ಚಿದ್ದರೆ 20. ವ್ಯಾಯಾಮವೂ ಇಲ್ಲದೆ ಕೂತು ಮಾಡುವ ಕೆಲಸವಾದರೆ 30. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಆದರೆ ಲಕ್ಷಣಕ್ಕೆ ಕಾಯದೆ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನಲ್ಲಿ ವ್ಯಾಯಾಮವಿಲ್ಲದೆ ಕಂಪ್ಯೂಟರ್ ಮುಂದೆ ಕೂತು ದುಡಿಯುವ, ಅಪ್ಪನಿಗೆ ಶುಗರ್ ಇರುವ, ನಲವತ್ತರ, ಸಣ್ಣ ಬೊಜ್ಜಿನ ಗಂಡಸಿಗೆ ಆಗಲೇ 70 ಆಯಿತು, ನೋಡಿ.

ಬಸಿರಿನಲ್ಲಿ ಶುಗರ್ ಬಂದು ಹೆರಿಗೆಯಾದ ಮೇಲೆ ಹೋದ ಹೆಂಗಸರು ಈ ಲೆಕ್ಕದಲ್ಲಿ ಸೇರದಿದ್ದರೂ ಅಪಾಯದಲ್ಲಿ ಮುಂದಿದ್ದಾರೆ. ಹೆರಿಗೆಯ ಆರು ವಾರಕ್ಕೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅವರು ನೋಡಿಸಬೇಕು. ಮಗುವಿನ ಚುಚ್ಚುಮದ್ದಿನ ತಾರೀಖು ನೆನಪಿರುತ್ತದೆ, ತಾಯಿಯ ಈ ಪರೀಕ್ಷೆಯನ್ನು ಮನೆಯವರು ಯಾರೂ ನೆನಪಿಸುವುದಿಲ್ಲ.

ವೈದ್ಯರ ಮುಂದೆ ಕೂತಾಗ "ಸುಸ್ತು ಡಾಕ್ಟ್ರೇ" ಎಂದರೆ ಅವರಿಗೆ ಸಿಗುವುದು ಅಷ್ಟೇ. "ಎರಡು ತಿಂಗಳಿಂದ ರಾತ್ರಿ ಮೂರು ಸಲ ಏಳ್ತೀನಿ, ಐದು ಕೆಜಿ ಇಳಿದಿದ್ದೀನಿ, ಅಮ್ಮನಿಗೆ ಶುಗರ್ ಇತ್ತು, ಬಿಪಿಗೆ ಈ ಮಾತ್ರೆ ತಗೊಳ್ತೀನಿ" ಎಂದು ಹೇಳಿ, ಮಾತ್ರೆಯ ಪಟ್ಟಿಯನ್ನೇ ಮೇಜಿನ ಮೇಲಿಡಿ. ಶುಗರ್ ಇರುವುದು ಖಚಿತವಾದರೆ, ಮೊದಲ ಭೇಟಿಯಲ್ಲೇ ಕಣ್ಣಿನ ಒಳಪದರದ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್, ಪಾದದ ಸ್ಪರ್ಶದ ಪರೀಕ್ಷೆ ಯಾವಾಗ ಎಂದು ಕೇಳಿ. ಎರಡನೇ ವಿಧದ ಮಧುಮೇಹ ಪತ್ತೆಯಾಗುವಷ್ಟರಲ್ಲಿ ವರ್ಷಗಳಷ್ಟು ಹಳೆಯದಾಗಿರಬಹುದಾದ್ದರಿಂದ ಇವನ್ನು ಮುಂದಕ್ಕೆ ಹಾಕುವಂತಿಲ್ಲ.

ಎಲ್ಲ ಅಂಕಿಗಳೂ ಸಹಜ ಬಂದವು, ತೊಂದರೆ ಮಾತ್ರ ಹಾಗೇ ಇದೆ ಎಂದರೆ? ಶುಗರ್ ಮಟ್ಟಿಗೆ ಮೂರು ವರ್ಷದೊಳಗೆ, ಅಪಾಯದ ಅಂಕ ಹೆಚ್ಚಿದ್ದರೆ ವರ್ಷದೊಳಗೆ ಇನ್ನೊಮ್ಮೆ ನೋಡಿಸಿದರೆ ಸಾಕು. ಆದರೆ ಮೊದಲಿನ ತೊಂದರೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಅದೇ ವೈದ್ಯರ ಬಳಿಗೆ ವರದಿಗಳೊಂದಿಗೆ ಮರಳಿ ಹೋಗಿ "ಹಾಗಾದರೆ ಇದು ಯಾತರಿಂದ?" ಎಂದು ಕೇಳಿ. ಸುಸ್ತಿಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್, ಕಾಲು ಜೋಮಿಗೆ ಬಿ12, ತೂಕ ಇಳಿಕೆಯ ಜೊತೆ ಎರಡು ವಾರ ದಾಟಿದ ಕೆಮ್ಮಿದ್ದರೆ ಕಫದ ಪರೀಕ್ಷೆ, ಉರಿಮೂತ್ರಕ್ಕೆ ಸೋಂಕಿನ ತಪಾಸಣೆ, ರಾತ್ರಿ ಮತ್ತೆ ಮತ್ತೆ ಏಳುವ ಅರವತ್ತರ ಗಂಡಸಿಗೆ ಪ್ರಾಸ್ಟೇಟ್. ಜೋರು ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರೂ ರಾತ್ರಿ ಮೂತ್ರಕ್ಕೆ ಏಳುತ್ತಾರೆ, ಹಗಲು ತೂಕಡಿಸುತ್ತಾರೆ. ಗೊರಕೆಯ ವಿಷಯವನ್ನು ವೈದ್ಯರಿಗೆ ಹೇಳಲು ಜೊತೆಗೆ ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಹೋಗಿ.